ಟಿ.ವಿ.ಯ ಹಿಂದೆ ನಿಂತವರು

ಹೊಸ ಗೇಮ್ ಯಂತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಚಿತ್ರದ ಚೆಲುವಲ್ಲ, ವೈರಿನ ವಿನಯ. ಟಿ.ವಿ.ಯ ಹಿಂಬದಿಗೆ ಒಮ್ಮೆ ಸಿಕ್ಕಿಸಿದರೆ ಸಾಕು, ಹೊಸದಾಗಿ ಬಂದ ಅಳಿಯನಂತೆ ಕೂರಿಸಿದಲ್ಲಿ ಕೂತಿರುತ್ತದೆ. ಯಾರೂ ಹಿಡಿದು ನಿಲ್ಲಬೇಕಾಗಿಲ್ಲ. ಇದರಲ್ಲಿ ಬೆರಗಾಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಕುರುಗೋಡಿನ ನಮ್ಮ ಮನೆಯಲ್ಲಿ ಆಡಿ ಬೆಳೆದಿದ್ದರೆ ಕೇಳುತ್ತಿರಲಿಲ್ಲ.

ಅಲ್ಲಿದ್ದ ಆಟದ ಡಬ್ಬಿ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯಿಂದ ಬಂದದ್ದು, ಕ್ಯಾಸೆಟ್ಟನ್ನು ಬಾಯಿಂದ ಊದಿ ಹಾಕಬೇಕಾದದ್ದು. ಅದರ ವೈರು ಸಡಿಲವಾಗಿ, ಟಿ.ವಿ.ಯ ಹಿಂದೆ ಯಾರಾದರೂ ಒತ್ತಿ ಹಿಡಿದಿದ್ದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಪಾಳಿಯ ಪ್ರಕಾರ ಹಿಡಿಯುತ್ತಿದ್ದೆವು ಎಂದು ನನ್ನ ನೆನಪು. ಆಡುವ ನನ್ನ ಪಾಳಿ ಮುಗಿಯುತ್ತಲೇ ಇರಲಿಲ್ಲ ಎಂದು ಅಕ್ಕನ ನೆನಪು.

ಒಂದು ಮಧ್ಯಾಹ್ನ ನಾನು ಕೊನೆಯದಾದ ಎಂಟನೆಯ ಕೋಟೆ ದಾಟಿ ಆಟ ಮುಗಿಸಿದೆ. ಹಿಂದೆ ನಿಂತು ಏನೂ ಕಾಣದ ಅಕ್ಕ, ಕೊನೆಗೇನಾಯಿತೆಂದು ಕೇಳಿದಳು. ಕೋಟೆಯ ಬಾಗಿಲು ತೆರೆಯಿತು, ಬಿಳಿ ಆನೆಯೊಂದು ಬಂದು ವೀರನ ಕೊರಳಿಗೆ ಹಾರ ಹಾಕಿತು ಎಂದೆ. ಅವಳು ಮುಂದೆ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಆ ಬೇಸಿಗೆಯಲ್ಲೇ ಡಬ್ಬಿಯೂ ಸುಟ್ಟುಹೋಯಿತು.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಎರಡು ಸಾಕ್ಷಿಗಳಿಲ್ಲದೆ ಯಾವ ಅರಸನನ್ನೂ ಪಟ್ಟಕ್ಕೇರಿಸಬಾರದೆಂಬ ಶಿಸ್ತನ್ನು ಕಲಿತೆ. ಅರಸರ ಮೇಲೆ ಶುರುವಾದ ಅನುಮಾನ ಕ್ರಮೇಣ ನನ್ನ ಆನೆಯವರೆಗೂ ಬಂತು. ದೂರದೇಶದವರು ಮಾಡಿದ ಆಟದೊಳಗೆ ನಮ್ಮೂರ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿರುವಂಥ ಆನೆ ಹೊಕ್ಕದ್ದಾದರೂ ಹೇಗೆ? ಅದು ಬರುವ ಮೊದಲೇ ಕರೆಂಟು ಹೋಗಿತ್ತೆ? ನಾನು ಹೀಗೆ ತೊಳಲಾಡುತ್ತಿದ್ದರೆ, ಸಿರುಗುಪ್ಪದ ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕ ಆ ಆನೆಯನ್ನು ಊರಿಗೆಲ್ಲ ಹಂಚಿಬಿಟ್ಟಿದ್ದಳು. ಲೆಕ್ಕ ಸರಿಯಾಗಿ ಬಿಡಿಸಿದವರ ನೋಟ್‌ಬುಕ್ಕಿನಲ್ಲಿ ಇಂದಿಗೂ ಹಾರ ಹಿಡಿದ ಪುಟ್ಟ ಆನೆಯನ್ನು ಬರೆದುಕೊಡುತ್ತಾಳೆ. ಅದು ನನ್ನ ಸುಳ್ಳಾಗಿದ್ದರೆ?

ಹೊಸ ಯಂತ್ರವನ್ನು ಮಗಳಿಗೆಂದು ಹೇಳಿ ತಂದು, ನನಗಾಗಿ ಹಳೆಯ ಆಟಗಳ ಗಂಟೊಂದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡೆ. ಅದರಲ್ಲಿ ನಮ್ಮ ಆಟವೂ ಇತ್ತು. ಜೊತೆಗೆ, ಸತ್ತರೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಗುಂಡಿಯೊಂದು. ಅದರ ಕೃಪೆಯಿಂದ ಎಂಟನೆಯ ಕೋಟೆಯವರೆಗೆ ಹೋಗಿ, ಅಲ್ಲಿ ನಿಂತುಬಿಟ್ಟೆ. ಸಾಕ್ಷಿ ಕೈಗೆಟಕುವ ಹೊತ್ತಿಗೇ ಸಂಶೋಧಕನ ಕೈ ಹಿಂದೆಗೆಯುವುದುಂಟು. ಆದರೆ ಬಾಯಿ ಹಿಂದೆಗೆಯಲಿಲ್ಲ, ನಮ್ಮ ಆಟ ಸಿಕ್ಕಿತೆಂದು ಫೋನಿನಲ್ಲಿ ಅಕ್ಕನಿಗೆ ಹೇಳಿಬಿಟ್ಟೆ. ಭಾನುವಾರ ಬೆಳಿಗ್ಗೆ ಅವಳು ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಬಳ್ಳಾರಿಯ ನನ್ನ ಮನೆಗೆ ಬಂದಿಳಿದಳು. ಸೋಫಾದಲ್ಲಿ ಕೂತು ಆಟದ ರಿಮೋಟು ಕಸಿದುಕೊಂಡಳು.

"ಲೇ, ನೀ ಹಿಂದ ಹೋಗಿ ನಿಂದ್ರು."

ಇದಕ್ಕೆ ವೈರು ಹಿಡಿಯಬೇಕಾಗಿಲ್ಲವೆಂದು ವಿವರಿಸಲು ಹೋದೆ.

"ವೈರಿಗೆ ಬ್ಯಾಡ, ನನಗ ಬೇಕು. ಒಂದು ಬ್ಯಾಸಿಗಿ ಪೂರಾ ನಾ ನಿಂತೀನಿ."

ಗೋಡೆಗೂ ಟಿ.ವಿ.ಗೂ ನಡುವೆ ಹೊಟ್ಟೆಯನ್ನು ಕಷ್ಟದಿಂದ ತೂರಿಸಿ, ವೈರು ಹಿಡಿದು ನಿಂತೆ. ಅಲ್ಲಿಂದ ಕಾಣುವುದು ಧೂಳು ಮತ್ತು ಆಡುವವರ ಮುಖ ಮಾತ್ರ. ಆ ಬೇಸಿಗೆಯಿಡೀ ಅಕ್ಕ ನೋಡಿದ್ದು ಆಟವನ್ನಲ್ಲ, ಆಡುವ ನನ್ನನ್ನು ಎಂಬುದು ಆಗ ಹೊಳೆಯಿತು. ಅವಳು ಬಿದ್ದಳು, ಕಾಲವನ್ನು ಹಿಂದಕ್ಕೆ ತಿರುಗಿಸಿದಳು, ಮತ್ತೆ ಬಿದ್ದಳು; ಕನ್ನಡದಲ್ಲಿ ಬೈದರೆ ತಟ್ಟುವುದಿಲ್ಲವೆಂಬಂತೆ ಕೋಟೆಯನ್ನು ತೆಲುಗಿನಲ್ಲಿ ಬೈದಳು. ಕೊನೆಗೊಮ್ಮೆ ನನಗೆ ಚೆನ್ನಾಗಿ ಗೊತ್ತಿದ್ದ ಗೆಲುವಿನ ರಾಗ ಮೊಳಗಿ, ನಿಂತಿತು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

"ಏನಾತು ಅಕ್ಕ?"

ಅವಳು ಪರದೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದಳು. ಆಮೇಲೆ, "ಬಾಗ್ಲಾ ತೆಗೀತು," ಎಂದಳು. "ಆನಿ ಬಂತು."

"ಬಿಳೇದಾ?"

"ಬಿಳೇದ. ಹಾರ ಹಾಕ್ತು."

ನಾನು ಸಂದಿಯಿಂದ ಹೊರಬರುವಷ್ಟರಲ್ಲಿ ಪರದೆ ಆಟದ ಹೆಸರಿಗೆ ಮರಳಿತ್ತು. ರಿಮೋಟು ಎತ್ತಿಕೊಂಡೆ. ಕಾಲ ತಿರುಗಿಸುವ ಗುಂಡಿ ಅಲ್ಲೇ ಇತ್ತು. ಒಂದು ಒತ್ತು ಸಾಕಿತ್ತು. ಹೆಬ್ಬೆರಳು ಅದರ ಮೇಲೆ ಹೋಗಿ ಕೂತಿತು ಕೂಡ. ಅಕ್ಕ ನನ್ನ ಹೆಬ್ಬೆರಳನ್ನು ಒಮ್ಮೆ ನೋಡಿ, ಮಂಡಕ್ಕಿ ಡಬ್ಬಿಯನ್ನು ಮುಂದೆ ಸರಿಸಿದಳು. ಎರಡನೆಯ ಸಾಕ್ಷಿ ಮೊದಲನೆಯದರಿಂದಲೇ ಕೇಳಿ ಕಲಿತದ್ದಿರಬಹುದೆಂಬ ಆಕ್ಷೇಪ ನನಗೂ ಗೊತ್ತು. ಆದರೆ ಸಾಕ್ಷಿಗಳು ಎರಡಾಗಿದ್ದವು. ರಿಮೋಟು ಕೆಳಗಿಟ್ಟು ಮಂಡಕ್ಕಿಗೆ ಕೈಹಾಕಿದೆ.

ಸಂಜೆ ಅಕ್ಕನನ್ನು ಸಿರುಗುಪ್ಪದ ಬಸ್ಸು ಹತ್ತಿಸಿ ಬಂದು ನೋಡಿದರೆ, ವೈರು ಕೂರಿಸಿದಲ್ಲೇ ಕೂತಿತ್ತು. ಅದಕ್ಕೆ ಯಾರೂ ಬೇಕಾಗಿರಲಿಲ್ಲ. ಆದರೂ ಟಿ.ವಿ.ಯ ಹಿಂದೆ ಹೋಗಿ ಒಂದು ಸಲ ಒತ್ತಿ ಹಿಡಿದು ಬಂದೆ.