ಟ್ಯೂಬು ಕಟ್ಟಿದವನು

ಶಿವಯೋಗಿಯ ಮುಂದಿನ ಎರಡು ಹಲ್ಲು ಹೋದದ್ದು ಪ್ರಶಸ್ತಿ ಸಮಾರಂಭದ ವೇದಿಕೆಯ ಮೇಲೆ, ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಇನ್ನೂರು ಜನರ ಎದುರಿಗೆ. ಹೊಡೆದವನ ಬಲಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಬೆರಳಿರಲಿಲ್ಲ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ, ಬಿಡಿಸಲು ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಹೇಳುವುದಕ್ಕೇ ಇಷ್ಟನ್ನೂ ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿರಾಜ್. ವಿಜಯನಗರದಲ್ಲಿ ಡಿಟಿಪಿ ಮತ್ತು ಬೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಲಗ್ನಪತ್ರಿಕೆ, ತಿಥಿ ಕಾರ್ಡು, ಪಿಎಚ್‌ಡಿ ಥೀಸಿಸ್ಸು ನನ್ನ ಹೊಟ್ಟೆಪಾಡು. ನಡುನಡುವೆ ಸಾಹಿತಿಗಳು ಬರುತ್ತಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಅಲ್ಪವಿರಾಮಕ್ಕೆ ಮೂರು ಸಲ ಫೋನ್ ಮಾಡುವ ಜನ.

ಶಿವಯೋಗಿ ಬಂದದ್ದು ಎರಡು ವರ್ಷದ ಹಿಂದೆ. ಬಾಗಲಕೋಟೆ ಕಡೆಯವನು, ಮೂವತ್ತೈದರ ಆಸುಪಾಸು, ಹೆಗ್ಗನಹಳ್ಳಿಯ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್. ತಗಡನ್ನು ಒಂದೇ ಏಟಿಗೆ ಬಾಗಿಲಿನ ಕೀಲು ಮಾಡಿ ಬಿಸಾಡುವ ಮಷಿನ್ ಅದು. ಪ್ಲಾಸ್ಟಿಕ್ ಚೀಲದಲ್ಲಿ ಕಾದಂಬರಿ ತಂದಿದ್ದ. ಫ್ಯಾಕ್ಟರಿಯ ಪ್ರೊಡಕ್ಷನ್ ಚೀಟಿಗಳ ಹಿಂಬದಿಯಲ್ಲಿ ಬರೆದದ್ದು. ಒಂದೊಂದು ಹಾಳೆಯ ಮೇಲೂ ಎಣ್ಣೆಯ ಬೆರಳಚ್ಚು.

"ಪ್ರಶಸ್ತಿಗೆ ಕಳಸಬೇಕ್ರಿ ಸರ್. ಚಲೋತ್ನಂಗ ಮಾಡಿಕೊಡ್ರಿ," ಅಂದ.

"ಮೊದ್ಲು ಪುಸ್ತಕ ಆಗ್ಲಿ ಕಣಯ್ಯ."

ಜೇಬಿನಿಂದ ಸಣ್ಣ ಡೈರಿ ತೆಗೆದ. ಮೊದಲ ಕಾದಂಬರಿಗೆ ಯಾರ್‍ಯಾರು ಪ್ರಶಸ್ತಿ ಕೊಡುತ್ತಾರೆ, ಎಷ್ಟು ಪ್ರತಿ ಕಳಿಸಬೇಕು, ಕೊನೆಯ ದಿನಾಂಕ ಯಾವುದು, ಎಲ್ಲ ಅದರಲ್ಲಿತ್ತು. ಕಡೇ ಪುಟದಲ್ಲಿ ಪ್ರಶಸ್ತಿ ಸ್ವೀಕರಿಸಿ ಮಾಡಬೇಕಾದ ಭಾಷಣವೂ ಇತ್ತು. ಪ್ರೆಸ್ಸಿನ ಗದ್ದಲದಲ್ಲಿ ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಾನಂತೆ, ಅಲ್ಲಿ ಯಾರಿಗೂ ಕೇಳಿಸುವುದಿಲ್ಲವಲ್ಲ. ನನಗೆ ನಗು ಬಂತು. ಅಷ್ಟು ಆಸೆ ಇಟ್ಟುಕೊಂಡವನನ್ನು ಬೈಯಲು ಮನಸ್ಸಾಗಲಿಲ್ಲ.

ಟೈಪ್ ಮಾಡುತ್ತ ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ನನ್ನ ಕೈ ನಿಂತಿತು.

ಆ ಪ್ರೆಸ್ಸಿಗೆ ಎರಡು ಬಟನ್. ಎರಡು ಕೈಯಲ್ಲಿ ಎರಡನ್ನೂ ಒತ್ತಿದರೆ ಮಾತ್ರ ಏಟು ಬೀಳುತ್ತದೆ. ಕೈಗಳು ಬಟನ್ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಅವರ ಕೂಲಿ ಪೀಸಿನ ಲೆಕ್ಕದ್ದು. ಆದ್ದರಿಂದ ಅಲ್ಲಿಯವರೆಲ್ಲ ಒಂದು ಬಟನ್ನನ್ನು ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಅದುಮಿ ಕಟ್ಟಿ, ಒಂದು ಕೈಯಲ್ಲಿ ಒತ್ತುತ್ತ ಇನ್ನೊಂದು ಕೈಯಲ್ಲಿ ತಗಡು ಇಡುತ್ತಾರೆ. ಪಾಳಿ ಮುಗಿದಾಗ ಕಟ್ಟಿದವನೇ ಬಿಚ್ಚಬೇಕು. ಇದು ಮಾಲೀಕನಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಾದಂಬರಿಯಲ್ಲಿ ಮೊದಲ ಪಾಳಿಯವನು ಟ್ಯೂಬು ಬಿಚ್ಚದೆ ಓಡುತ್ತಾನೆ. ಊರಲ್ಲಿ ತಾಯಿಗೆ ಸೀರಿಯಸ್ ಎಂದು ಫೋನ್ ಬಂದಿರುತ್ತದೆ. ಎರಡನೇ ಪಾಳಿಗೆ ಅವನ ಗೆಳೆಯ ಬರುತ್ತಾನೆ. ಅಚ್ಚಿನಲ್ಲಿ ಸಿಕ್ಕಿಕೊಂಡ ಚೂರನ್ನು ತೆಗೆಯಲು ಬಲಗೈ ಒಳಗೆ ಹಾಕುತ್ತಾನೆ, ಎಡಗೈ ಇನ್ನೊಂದು ಬಟನ್ನಿಗೆ ತಾಗುತ್ತದೆ. ನಾಲ್ಕು ಬೆರಳು ಕೀಲಿನ ಆಕಾರಕ್ಕೆ ಬರುತ್ತವೆ. ಸೂಪರ್‌ವೈಸರ್ ಅವನ್ನು ತಗಡಿನಿಂದ ಬಿಡಿಸಿ, ಮಷಿನ್ ಒರೆಸುವ ಹತ್ತಿಯಲ್ಲಿ ಸುತ್ತಿ ಕೊಡುತ್ತಾನೆ. ವಿಚಾರಣೆಯ ದಿನ ಮೊದಲ ಪಾಳಿಯವನು ಎದೆಯ ಮೇಲಿನ ಕರಡಿಗೆ ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, ನಾನು ಟ್ಯೂಬು ಬಿಚ್ಚಿಯೇ ಹೋಗಿದ್ದೆ, ಇವನೇ ಕಟ್ಟಿಕೊಂಡಿರಬೇಕು ಎಂದು ಆಣೆ ಮಾಡುತ್ತಾನೆ. ಕೈ ಹೋದವನಿಗೆ ಪರಿಹಾರವೂ ಸಿಗುವುದಿಲ್ಲ, ಕೆಲಸವೂ ಉಳಿಯುವುದಿಲ್ಲ.

ಮರುದಿನ ಶಿವಯೋಗಿಯನ್ನು ಕೇಳಿದೆ. "ಇದು ನಿಜಾನೇನಯ್ಯ?"

"ಕಾದಂಬರಿ ರೀ ಸರ್."

"ಕೈ ಹೋದವನು ಈಗೆಲ್ಲಿದಾನೆ?"

ತಲೆ ತಗ್ಗಿಸಿದ. "ಶ್ರೀಶೈಲ ಅಂತ್ರಿ. ಬಿನ್ನಿಪೇಟ್ಯಾಗ ಅಪಾರ್ಟ್‌ಮೆಂಟ್ ವಾಚ್‌ಮನ್ ಅದಾನ. ಅಂವ ಪುಸ್ತಕ ಓದಾಂವಲ್ಲ ಬಿಡ್ರಿ."

ಆಗಲೇ ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಬರವಣಿಗೆ ಚೆನ್ನಾಗಿತ್ತು, ನಾನು ಅದಕ್ಕೆ ಮರುಳಾಗಿದ್ದೆ. ಎಲ್ಲ ಕಾದಂಬರಿಗೂ ಹಾಕುವಂತೆ, "ಇಲ್ಲಿನ ಪಾತ್ರಗಳು, ಘಟನೆಗಳು ಕೇವಲ ಕಾಲ್ಪನಿಕ" ಎಂಬ ಸಾಲನ್ನು ಮೂರನೇ ಪುಟದಲ್ಲಿ ಸೇರಿಸಿದವನೂ ನಾನೇ.

ಪುಸ್ತಕ ಬಂತು. ಈ ಮಾರ್ಚಿನಲ್ಲಿ ಒಂದು ಪ್ರತಿಷ್ಠಾನದವರು ಮೊದಲ ಕಾದಂಬರಿಯ ಪ್ರಶಸ್ತಿಗೆ ಕೊನೇ ಸುತ್ತಿನ ಮೂರು ಪುಸ್ತಕ ಆರಿಸಿದಾಗ ಅದರಲ್ಲಿ ಇವನದೂ ಇತ್ತು. ಪೇಪರಿನಲ್ಲಿ ಫೋಟೋ ಬಂತು. ಶಿವಯೋಗಿ ಪೇಢೆ ಹಿಡಿದು ಅಂಗಡಿಗೆ ಓಡಿಬಂದ.

"ಸರ್, ಶಾಲು ಹೊದಿಸೂವಾಗ ತಲಿ ಬಗ್ಗಸಬೇಕೋ, ನೆಟ್ಟಗ ನಿಂದ್ರಬೇಕೋ?"

ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಶ್ರೀಶೈಲ ನಿಂತಿದ್ದ. ವಾಚ್‌ಮನ್ ಯೂನಿಫಾರಂ, ಕಂಕುಳಲ್ಲಿ ಪುಸ್ತಕ. ಗೇಟಿನಲ್ಲಿ ಹನ್ನೆರಡು ಗಂಟೆ ಕೂರುವವನು ಓದದೆ ಇನ್ನೇನು ಮಾಡುತ್ತಾನೆ? ಪೇಪರಿನಲ್ಲಿ ಗೆಳೆಯನ ಫೋಟೋ ಕಂಡು, ಹೆಮ್ಮೆಯಿಂದ ಪುಸ್ತಕ ಕೊಂಡು ಓದಿದ್ದ. ಮೊದಲ ಪುಟದಲ್ಲಿ ನನ್ನ ಅಂಗಡಿಯ ವಿಳಾಸವಿತ್ತು.

ಬಂದವನೇ ಎಡಗೈಯಲ್ಲಿ ಶಿವಯೋಗಿಯ ಮೂಗಿಗೆ ಒಂದು ಗುದ್ದು ಕೊಟ್ಟ. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ರಕ್ತ ಚಿಮ್ಮಿ ಯಾರದೋ ಲಗ್ನಪತ್ರಿಕೆಗಳ ಮೇಲೆ ಬಿತ್ತು. ಶಿವಯೋಗಿ ಕೆಳಗೆ ಬಿದ್ದ ಮೇಲೂ ಹೊಟ್ಟೆಗೆ, ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಆಮೇಲೆ ಅವನ ಬಲಗೈ ಮಣಿಕಟ್ಟು ಹಿಡಿದು ದರದರ ಎಳೆದು, ನನ್ನ ಕಟಿಂಗ್ ಮಷಿನ್ನಿನ ಬ್ಲೇಡಿನ ಕೆಳಗೆ ತುರುಕಿದ. ಐನೂರು ಹಾಳೆಯನ್ನು ಒಂದೇ ಸಲಕ್ಕೆ ಕತ್ತರಿಸುವ ಬ್ಲೇಡು.

"ಆರು ವರ್ಷ! ದಿನಾ ಕಟ್ಟೂ ರೂಢಿ, ಅವತ್ತೂ ನಾನಽ ಕಟ್ಟಿರಬೇಕು ಅಂತ ಆರು ವರ್ಷ ತಿಳ್ಕೊಂಡಿದ್ನೆಲ್ಲೋ! ಲಿಂಗ ಹಿಡದಾಂವ ಸುಳ್ಳ ಹೇಳಂಗಿಲ್ಲ ಅಂತ ನನ್ನ ಕೈಗೆ ನಾನಽ ಶಾಪ ಹಾಕ್ಕೊಂಡೆ!"

ಬ್ಲೇಡು ಇಳಿಯಬೇಕಾದರೆ ಹಿಡಿ ಎಳೆಯಬೇಕು. ಅವನಿಗಿದ್ದ ಒಂದೇ ಸರಿಯಾದ ಕೈಯಲ್ಲಿ ಶಿವಯೋಗಿಯ ಮಣಿಕಟ್ಟಿತ್ತು. ಬೆರಳಿಲ್ಲದ ಇನ್ನೊಂದು ಕೈಯಿಂದ ಹಿಡಿಯನ್ನು ಗುದ್ದಿದ, ಜಾರಿತು. ಮತ್ತೆ ಗುದ್ದಿದ, ಮತ್ತೆ ಜಾರಿತು.

"ಅಣ್ಣಾ, ನೀವರ ಎಳೀರಿ!" ಎಂದು ನನ್ನ ಕಡೆ ತಿರುಗಿ ಕೂಗಿದ.

ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಎಳೆದುಬಿಡೋಣ ಅನ್ನಿಸಿತು. ಆಮೇಲೆ ಹಿಡಿಗೆ ಎರಡೂ ಕೈ ಹಾಕಿ ಮೇಲಕ್ಕೆ ಒತ್ತಿ ಹಿಡಿದೆ.

ಶಿವಯೋಗಿ ರಕ್ತ ನುಂಗುತ್ತ ಅಂಗಲಾಚಿದ. "ಬರದ ಕೊಡ್ತೀನೋ ಶ್ರೀಶೈಲ. ಲೇಬರ್ ಆಫೀಸಿಗೆ ಎಲ್ಲಾ ಬರದ ಕೊಡ್ತೀನಿ. ಹನ್ನೆರಡ ದಿನ ತಡಿ. ಪ್ರಶಸ್ತಿ ಒಂದು ಆಗಿಬಿಡ್ಲಿ."

ಶ್ರೀಶೈಲ ಕೈ ಬಿಟ್ಟುಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಬ್ಲೇಡಿನ ಕೆಳಗೂ ನಿನಗ ಪ್ರಶಸ್ತಿ ಬೇಕಲ್ಲೋ. ಅವತ್ತೂ ಹಂಗಽ. ನಿಮ್ಮವ್ವ ಊರಾಗ ಗುಂಡಕಲ್ಲಿನಂಗ ಇದ್ಲು. ಕಥಾಸ್ಪರ್ಧೆಗೆ ಕಡೀ ದಿನಾ ಅಂತ ನೀ ಕತಿ ಪೋಸ್ಟ್ ಮಾಡಾಕ ಓಡಿದ್ದಿ. ಅದೂ ನನ್ನ ಸೈಕಲ್ ಮ್ಯಾಲ. ಅದನ್ನ್ಯಾಕ ಬರೀಲಿಲ್ಲ?"

ನನಗೂ ಅದು ಆಗಲೇ ಗೊತ್ತಾದದ್ದು.

"ತಗೋ ನಿನ್ನ ಹನ್ನೆರಡ ದಿನ. ನಾನೂ ಬರ್ತೀನಿ. ಮುಂದಽ ಕುಂಡರ್ತೀನಿ," ಎಂದು ಹೇಳಿ ಶ್ರೀಶೈಲ ಹೋದ.

ಸಮಾರಂಭ ರಾಜಾಜಿನಗರದ ಒಂದು ಸಭಾಂಗಣದಲ್ಲಿ. ಫಲಿತಾಂಶಕ್ಕೆ ಮೊದಲು ಮೂವರು ಲೇಖಕರೂ ಐದೈದು ನಿಮಿಷ ಮಾತಾಡಬೇಕು. ಮೂಗಿಗೆ ಪಟ್ಟಿ ಅಂಟಿಸಿಕೊಂಡಿದ್ದ ಶಿವಯೋಗಿ ಮೈಕಿನ ಮುಂದೆ ಡೈರಿಯ ಕಡೇ ಪುಟ ತೆರೆದ. ಮುಂದಿನ ಸಾಲಿನಲ್ಲಿ ಶ್ರೀಶೈಲ ಯೂನಿಫಾರಂನಲ್ಲೇ ಕೂತಿದ್ದ, ಬಲಗೈಯನ್ನು ಮೊಣಕಾಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು. ಶಿವಯೋಗಿ ಬಹಳ ಹೊತ್ತು ಅದನ್ನೇ ನೋಡಿದ. ಡೈರಿ ಮುಚ್ಚಿದ.

"ಟ್ಯೂಬು ಕಟ್ಟಿದಾಂವ ನಾನಽ ರೀ. ಅವ್ವಗ ಏನೂ ಆಗಿರಲಿಲ್ಲ. ಕತಿ ಪೋಸ್ಟ್ ಮಾಡಾಕ ಓಡಿದ್ದೆ. ಲಿಂಗ ಹಿಡದು ಸುಳ್ಳ ಆಣಿ ಮಾಡೀನಿ. ಕೈ ಕಳಕೊಂಡಾಂವ ಇಲ್ಲೇ ಕುಂತಾನ."

ಆಮೇಲೆ ಚಪ್ಪಾಳೆ! ನನ್ನ ಪಕ್ಕದವರು "ಎಂಥಾ ಮಾತು, ಎಂಥಾ ಮಾತು" ಅಂದರು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಧ್ಯಕ್ಷರು ಎದ್ದು ಶ್ರೀಶೈಲನನ್ನು ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ, ಒಂದು ಶಾಲು ಹೊದಿಸಿ, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರು. ನನಗೆ ಮೈಯೆಲ್ಲ ಬೆಂಕಿ ಹೊತ್ತಿಕೊಂಡಿತು. ಮನುಷ್ಯ ತಪ್ಪು ಒಪ್ಪಿಕೊಂಡರೆ ಇವರಿಗೆ ಅದೂ ಸಾಹಿತ್ಯ.

"ಸಾರ್, ಆ ಕೈ ಸ್ವಲ್ಪ ಮೇಲಕ್ಕೆತ್ತಿ," ಅಂದ ಫೋಟೋಗ್ರಾಫರ್.

ಶ್ರೀಶೈಲ ಎತ್ತಿದ. ಅದೇ ಕೈಯಿಂದ ಶಿವಯೋಗಿಯ ಬಾಯಿಗೆ ಅಪ್ಪಳಿಸಿದ. ಹಲ್ಲುಗಳು ಮೈಕಿಗೆ ತಾಗಿ ಬಿದ್ದ ಸದ್ದು ಇಡೀ ಹಾಲಿಗೆ ಕೇಳಿಸಿತು. ಮತ್ತೊಂದು ಏಟು ಬಿತ್ತು. ಶಿವಯೋಗಿ ಕೈ ಅಡ್ಡ ಹಿಡಿಯಲಿಲ್ಲ. ಚಪ್ಪಾಳೆ ನಿಂತಿತು. ಶಿವಯೋಗಿ ಹೇಳಿದ್ದು ನಿಜ ಎಂದು ಜನಕ್ಕೆ ಆಗ ಅರ್ಥವಾಯಿತು, ಅದಕ್ಕೇ ನಾನು ಏಳಲಿಲ್ಲ.

ಪ್ರಶಸ್ತಿ ಇನ್ನೊಬ್ಬರಿಗೆ ಹೋಯಿತು. ಇದು ಕಾದಂಬರಿಯೇ ಅಲ್ಲ, ಬರೀ ಹೇಳಿಕೆ ಎಂದು ಕಣ್ಣು ಒರೆಸಿಕೊಂಡ ತೀರ್ಪುಗಾರರೇ ಆಮೇಲೆ ಅಂದರಂತೆ.

ಮರುದಿನ ಶಿವಯೋಗಿ ಅಂಗಡಿಗೆ ಬಂದ. ತುಟಿ ಊದಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಪ್ರೊಡಕ್ಷನ್ ಚೀಟಿಯ ಹಿಂಬದಿಯಲ್ಲಿ ಲೇಬರ್ ಆಫೀಸಿಗೆ ಬರೆದ ಪತ್ರ ಕೊಟ್ಟ. ಟ್ಯೂಬು, ಆಣೆ, ಪೋಸ್ಟ್ ಆಫೀಸು, ಎಲ್ಲ ಇತ್ತು.

"ಕಾಲ್ಪನಿಕ ಅಂತ ಎಲ್ಲೂ ಹಾಕಬ್ಯಾಡ್ರಿ ಸರ್," ಅಂದ.

ಟೈಪ್ ಮಾಡಿ ಕೊಟ್ಟೆ. ಸಹಿ ಹಾಕಿ ಹೊರಗೆ ಒಯ್ದ. ಶ್ರೀಶೈಲ ಬಿಸಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಪತ್ರವನ್ನು ಎರಡು ಸಲ ಓದಿ, ಒಂದು ಕಡೆ ಹೆಬ್ಬೆರಳಿಟ್ಟು ಏನೋ ಹೇಳಿದ. ಶಿವಯೋಗಿ ವಾಪಸು ಬಂದ.

"ಒಂದು ಸಾಲು ಬಿಟ್ಟೈತಂತ್ರಿ. ಸೈಕಲ್ ಅವಂದು ಅಂತ ಹಾಕಬೇಕಂತ."

ಹಾಕಿದೆ.