ಓಹ್ರಿದ್‌ನ ಓಣಿ ಮತ್ತು ಒಗೆದ ಬಟ್ಟೆ

ಒಗೆದ ಬಟ್ಟೆ ಹೊರಗೆ ಕಂಡರೆ ಮರ್ಯಾದೆ ಹೋಗುತ್ತದೆ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಾವಿದ್ದ ಫ್ಲ್ಯಾಟಿನ ಕಮಿಟಿಯವರು ಅಂಥವರೇ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿದ್ದರು. ಹೊರಗೆ ಚುರುಗುಟ್ಟುವ ಬಿಸಿಲು, ನನ್ನ ಸೀರೆಗಳು ಮಾತ್ರ ಬಚ್ಚಲುಮನೆಯಲ್ಲಿ ಮುಗ್ಗಲು ವಾಸನೆ ಹಿಡಿಯುತ್ತಿದ್ದವು. ಗೊಣಗಿಕೊಂಡು ಸುಮ್ಮನಿದ್ದೆ.

ಆಫೀಸು ಪಕ್ಕದ ಬಡಾವಣೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ. ದೊಡ್ಡ ಸಂಸ್ಥೆಗಳಿಗೆ ಪ್ರದರ್ಶನ ಮಾಡಿಕೊಡುವ ಸಣ್ಣ ಕಂಪನಿ. ಫೋಟೋ, ಬರಹ ಜೋಡಿಸಿ ಫಲಕ ಸಿದ್ಧಪಡಿಸುವುದು ನನ್ನ ಕೆಲಸ. ಬಾಸ್ ನಮ್ಮ ಬೆಂಗಳೂರಿನವರೇ. ಪಕ್ಕದ ಮೇಜಿನ ಗೆಳತಿ ಯುರೋಪಿನ ಮ್ಯಾಸಿಡೋನಿಯಾದವಳು, ಅವಳೂರು ಓಹ್ರಿದ್. ಬಹಳ ಹಳೆಯ ಸರೋವರ, ಅದರ ದಂಡೆಯ ಬಂಡೆಯ ಮೇಲೊಂದು ಚರ್ಚು, ಹಿಂದೆ ಹಳೆಯ ಪಟ್ಟಣ. ನೀರೂ ಊರೂ ಸೇರಿಯೇ ವಿಶ್ವ ಪರಂಪರೆಯ ತಾಣ. ಅದರ ಮೇಲೊಂದು ಪ್ರದರ್ಶನ ಮಾಡುವ ಕೆಲಸ ನಮಗೆ ಸಿಕ್ಕಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಅವಳ ಅಕ್ಕ ಗಂಡ, ಮಕ್ಕಳೊಂದಿಗೆ ಅಲ್ಲೇ ಇದ್ದಳು, ಇಕ್ಕಟ್ಟಾದ ಓಣಿಯ ಮೇಲೆ ಮಹಡಿ ಚಾಚಿಕೊಂಡಿದ್ದ ಬಿಳಿಯ ಮನೆಯಲ್ಲಿ.

ಫೋಟೋ ತೆಗೆಯುವವನು ಬರುತ್ತಾನೆಂದು ತಂಗಿ ತಿಳಿಸಿದ್ದೇ ತಡ, ಅಕ್ಕ ಪೆಟ್ಟಿಗೆಯಲ್ಲಿದ್ದ ಕಸೂತಿಯ ಮೇಲುಹಾಸುಗಳನ್ನೆಲ್ಲ ಒಗೆದು, ಓಣಿಗೆ ಅಡ್ಡಲಾಗಿ ಕಟ್ಟಿದ ಹಗ್ಗದ ಮೇಲೆ ಹರವಿದಳಂತೆ. ನೆಂಟರು ಬಂದಾಗ ನಾವು ಒಳ್ಳೆಯ ಬೆಡ್‌ಶೀಟು ತೆಗೆದು ಹಾಸುವುದಿಲ್ಲವೇ, ಹಾಗೆ. ಫೋಟೋದಲ್ಲಿ ಅವಳೂ ಇದ್ದಳು, ಕಿಟಕಿಯಿಂದ ಬಗ್ಗಿ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ನಗುತ್ತಿದ್ದಳು.

ಬಾಸ್ ಅದನ್ನು ನೋಡಿ ಮೂಗು ಮುರಿದರು.

"ಇದೇನ್ ಮೇಡಂ, ಹೆರಿಟೇಜ್ ಎಕ್ಸಿಬಿಷನ್ನೋ ಸೋಪಿನ್ ಅಡ್ವರ್ಟೈಸ್‌ಮೆಂಟೋ? ಬಟ್ಟೆ ತೆಗೀರಿ. ಆ ಲೇಡೀನೂ ತೆಗೀರಿ. ಕ್ಲೀನಾಗಿರ್ಲಿ."

"ಸರ್, ಅದು ಇವ್ಳ ಅಕ್ಕ. ಅವ್ರ ಮನೇನೇ ಅದು. ಇದಕ್ಕೇಂತ್ಲೇ ಒಗ್ದು ಹಾಕಿದಾರೆ."

"ಸೋ ವಾಟ್? ಜನ ಬರ್ತಾರೆ, ಹೋಗ್ತಾರೆ. ನಮ್ಗೆ ಬೇಕಾಗಿರೋದು ಬಿಲ್ಡಿಂಗು."

"ಹಾಗಾದ್ರೆ ನೀವೇ ಅಳಿಸ್ಕೊಳಿ. ನಾನ್ ಮುಟ್ಟಲ್ಲ."

ನನ್ನ ದನಿ ರಿಸೆಪ್ಷನ್‌ವರೆಗೂ ಕೇಳಿಸಿತಂತೆ. ಕೇಳಿಸಲಿ. ಗೆಳತಿ ಮಾತ್ರ ತಲೆ ತಗ್ಗಿಸಿ ಕೀಬೋರ್ಡು ಕುಟ್ಟುತ್ತಿದ್ದಳು. ಅವಳ ವರ್ಕ್ ಪರ್ಮಿಟ್ಟು ಕಂಪನಿಯ ಕೈಯಲ್ಲಿತ್ತು. ಬಾಸ್ ಫೈಲನ್ನು ಹೊರಗೆ ಕೊಟ್ಟು ಕೆಲಸ ಮುಗಿಸಿಕೊಂಡರು. ಬಟ್ಟೆ ಅಳಿಸಿ ಬರೀ ಹಗ್ಗ ಉಳಿಸಿ, ಅಕ್ಕ ನಿಂತಿದ್ದ ಜಾಗಕ್ಕೆ ಇನ್ಯಾವುದೋ ಮನೆಯ ಮುಚ್ಚಿದ ಕಿಟಕಿಯನ್ನು ತಂದು ಅಂಟಿಸಿದ್ದರು. ಪಕ್ಕದ ಫಲಕದಲ್ಲಿ ಸರೋವರದ ಮೀನಿಗೆ ರಾಜಮರ್ಯಾದೆ: ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು, ಉಳಿಸಿಕೊಳ್ಳಬೇಕು ಎಂದು ದಪ್ಪ ಅಕ್ಷರ. ಆ ಹೆಂಗಸು ಬೇರೆಲ್ಲಿ ಸಿಗುತ್ತಾಳೆ ಸ್ವಾಮಿ?

ನಡೆದದ್ದನ್ನು ಅಕ್ಕನಿಗೆ ಹೇಳುವ ಧೈರ್ಯ ತಂಗಿಗೆ ಬರಲಿಲ್ಲ. ಉದ್ಘಾಟನೆಯ ದಿನ ಅಕ್ಕನೇ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿದಳು. ಆ ಸೌಲಭ್ಯ ಆಗಷ್ಟೇ ಬಂದಿತ್ತು. ಮಕ್ಕಳಿಗೆ ಹೊಸ ಅಂಗಿ ತೊಡಿಸಿ ಕೂರಿಸಿದ್ದಳು. ಪಕ್ಕದ ಮನೆಯವರೂ ಬಂದು ಹಿಂದೆ ನಿಂತಿದ್ದರು. ತೋರಿಸು ತೋರಿಸು ಎಂದು ಗಲಾಟೆ. ತಂಗಿ ಬೇರೆ ದಾರಿ ಕಾಣದೆ ಫೋನನ್ನು ಫಲಕದ ಕಡೆ ತಿರುಗಿಸಿದಳು. ಅಕ್ಕ ಪರದೆಯ ಹತ್ತಿರಕ್ಕೆ ಬಗ್ಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು.

ಏನಂತೆ ಎಂದೆ.

"ನಮ್ಮ ಮನೆಯಲ್ಲಿ ಯಾರು ಸತ್ತರು ಅಂತ ಕೇಳುತ್ತಿದ್ದಾಳೆ" ಎಂದಳು ಗೆಳತಿ. ಆ ಊರಿನ ಓಣಿಯಲ್ಲಿ ಹಗ್ಗ ಬರಿದಾಗಿ ಕಿಟಕಿ ಮುಚ್ಚಿದ್ದರೆ ಎಲ್ಲರೂ ಕೇಳುವುದು ಅದನ್ನೇ ಅಂತೆ.

ಬಾಸ್ ದೂರದಲ್ಲಿ ಸಮೋಸಾ ತಿನ್ನುತ್ತಾ ನಮ್ಮತ್ತ ಹೆಬ್ಬೆರಳೆತ್ತಿ ತೋರಿಸಿದರು. ಆ ತಟ್ಟೆಯನ್ನು ಕಿತ್ತು ಬಿಸಾಡಬೇಕು ಎನ್ನಿಸಿತು. ಬಿಸಾಡಲಿಲ್ಲ, ಗೆಳತಿಯ ಕೈ ಹಿಡಿದುಕೊಂಡು ಹೊರಗೆ ಬಂದೆ.

ಆ ಶನಿವಾರ ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿದೆ. ಸೀರೆ, ಲಂಗ, ಗಂಡನ ಬನಿಯನ್ನು, ಮಕ್ಕಳ ಯೂನಿಫಾರ್ಮು, ಎಲ್ಲವನ್ನೂ ರಸ್ತೆಗೆ ಕಾಣುವ ಹಾಗೆ ಒಣಹಾಕಿದೆ. ವಾಚ್‌ಮನ್ ಮೇಲೆ ಬಂದ. "ಅಮ್ಮಾ, ಕಮಿಟಿಯವರು ಕೇಳುತ್ತಿದ್ದಾರೆ, ಇದೇನು ಅಂತ" ಎಂದ.

ಈ ಮನೆಯಲ್ಲಿ ಎಲ್ಲರೂ ಬದುಕಿದ್ದೇವೆ ಎಂದು ಹೇಳು ಹೋಗು ಎಂದು ಬಾಗಿಲು ಹಾಕಿಕೊಂಡೆ.