ಹಿಡಿಯ ಹಿಂದಿನ ಬಿರುಕು

ಬೆಳಕು ಹರಿಯುವ ಮೊದಲು ಅವಳು ನೀರು ತುಂಬಿಸಬೇಕು, ಅತ್ತೆಯ ಮಾತ್ರೆ ಎತ್ತಿಡಬೇಕು, ನಾಲ್ಕು ಡಬ್ಬಿ ಕಟ್ಟಬೇಕು, ಗಂಡನ ಅಂಗಿಗೆ ಇಸ್ತ್ರಿ ಹಾಕಬೇಕು, ಮೈದುನನನ್ನು ಮೂರು ಸಲ ಎಬ್ಬಿಸಬೇಕು. ಎರಡು ಸಲ "ಎದ್ದೆ ಅತ್ತಿಗೆ" ಎನ್ನುತ್ತಲೇ ಅವನು ಮಗ್ಗುಲು ಬದಲಾಯಿಸುತ್ತಾನೆ.

ಪಿಂಗಾಣಿ ಹೂಜಿಗಳ ಕಾರ್ಖಾನೆಯಲ್ಲಿ, ಬಿರುಕು ಹುಡುಕುವ ತಪಾಸಣೆ ಮೇಜಿನ ಆರು ಹೆಂಗಸರಲ್ಲಿ ಅವಳೇ ಹಿರಿಯಳು. ಹೊಸಬರು ಹತ್ತು ಸಲ ತಿರುಗಿಸಿ ನೋಡುವ ಹೂಜಿಗೆ ಅವಳ ಐದು ನೋಟ ಸಾಕು.

ಅಲ್ಲೇ ಇಂಜಿನಿಯರ್ ಆಗಿದ್ದ ಮೈದುನ ಒಂದು ಸಂಜೆ ಅಡುಗೆಮನೆಗೆ ಬಂದ. "ಐದರಲ್ಲಿ ಹೇಗೆ ಮುಗಿಸ್ತೀರಾ ಅತ್ತಿಗೆ?"

ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟು ಅವಳು ಮನೆಯ ಹೂಜಿ ಎತ್ತಿದಳು. "ಎಲ್ಲಿಂದ ಜಾಸ್ತಿ ಮೈ ಕಾಣುತ್ತೋ ಮೊದಲು ಅಲ್ಲಿಂದ ನೋಡು. ಕಂಡಿದ್ದನ್ನ ಬಿಟ್ಹಾಕು. ಉಳಿದಿದ್ದು ಎಲ್ಲಿಂದ ಜಾಸ್ತಿ ಕಾಣುತ್ತೋ, ಆಮೇಲೆ ಅಲ್ಲಿಂದ. ಪಾತ್ರೆ ತೊಳೆಯೋದೂ ಹೀಗೇ ಕಣಪ್ಪ. ನೀನ್ಯಾವತ್ತು ತೊಳೆದಿದ್ದೀಯ!"

ಅವನು ನಕ್ಕ. ಎಲ್ಲ ಬರೆದುಕೊಂಡ. ಯಾರೋ ತನ್ನ ಕೆಲಸದ ಬಗ್ಗೆ ಕೇಳಿದರಲ್ಲ ಎಂದು ಅವಳು ಹಿಗ್ಗಿದಳು.

ಎರಡು ತಿಂಗಳಿಗೆ ಕಾರ್ಖಾನೆಯ ಸಭೆಯಲ್ಲಿ ಅವನು ಪರದೆ ಮುಂದೆ ನಿಂತ. "ಇಡೀ ಹೂಜಿ ನೋಡೋಕೆ ಅತಿ ಕಡಿಮೆ ಅಂದ್ರೆ ನಾಲ್ಕು ಕ್ಯಾಮೆರಾ. ಇದು ನನ್ನ ಲೆಕ್ಕ." ತಿಂಗಳ ಕೊನೆಗೆ ತಪಾಸಣೆ ಮೇಜು ಎತ್ತುತ್ತಾರೆ, ಆರು ಜನರಿಗೂ ಕೆಲಸವಿಲ್ಲ ಎಂದು ತಿಳಿಯಿತು.

"ನಮ್ಮನೇಲಿ ನಲವತ್ತು ಇಟ್ರೂ ನಾವು ಮಾಡೋ ಕೆಲಸ ಕಾಣಲ್ಲ ಕಣಕ್ಕಾ," ಎಂದಳು ಮೇಜಿನಲ್ಲಿ ಪಕ್ಕ ಕೂರುವವಳು.

ಗಂಡನಿಗೆ ಮೊದಲೇ ಗೊತ್ತಿತ್ತು. "ಹೇಳಿದ್ರೆ ನೀನು ಬಾಯಿ ಬಿಡ್ತಿರಲಿಲ್ಲ. ಅವನ ಬಡ್ತಿ ನಿಲ್ತಿತ್ತು."

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಬಡಿಸಿದ್ದು ಮಾತ್ರ ಅವಳ ಕೈ.

ಕ್ಯಾಮೆರಾಗಳ ಪರೀಕ್ಷೆಯ ದಿನ ಸರಿಯಿದೆಯೆಂದು ಹಸಿರು ದೀಪ ಹತ್ತಿದ ಹೂಜಿಯೊಂದನ್ನು ಅವಳು ಅಭ್ಯಾಸಬಲದಿಂದ ಎತ್ತಿದಳು. ಐದನೆಯ ನೋಟಕ್ಕೆ ಹಿಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮೈದುನನ ಲೆಕ್ಕ ನಕ್ಷೆಯ ಹೂಜಿಯದು. ಅಲ್ಲಿ ಹಿಡಿ ನೆಟ್ಟಗಿದೆ. ಇಲ್ಲಿ ಹಿಡಿ ಅಂಟಿಸುವುದು ಕೈಯಲ್ಲಿ. ಒಂದೊಂದೂ ಚೂರು ಎಡಕ್ಕೆ ವಾಲಿ, ಹಿಂದೆ ಉಗುರಗಲ ಜಾಗ ನಾಲ್ಕೂ ಕ್ಯಾಮೆರಾಗಳಿಗೆ ಮರೆಯಾಗುತ್ತದೆ. ಬಿಸಿನೀರು ತುಂಬಿ ಎತ್ತಿದವರ ಗತಿ? ಹೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮೈದುನ ಮತ್ತೆ ಅಡುಗೆಮನೆಗೆ ಬಂದ. "ಅತ್ತಿಗೆ, ನಾಲ್ಕರಲ್ಲಿ ಎಲ್ಲ ಸಿಗುತ್ತಲ್ವಾ? ನಾಳೆ ಕಾರ್ಖಾನೆ ಯಜಮಾನರು ಇದಕ್ಕೆ ಸಹಿ ಹಾಕ್ತಾರೆ."

ಉತ್ತರ ನಾಲಿಗೆ ತುದಿಗೆ ಬಂದಿತ್ತು. ಅವಳು ತಟ್ಟೆ ಮುಂದಿಟ್ಟಳು. "ಊಟ ಆರ್ತಾ ಇದೆ."

ಮರುದಿನ ಅವನನ್ನು ಒಂದೇ ಸಲ ಎಬ್ಬಿಸಿ ಹೊರಟಳು. ಮೇಜಿನವರಿಗೂ ಹೇಳದೆ ಯಜಮಾನರ ಮೆಟ್ಟಿಲು ಹತ್ತಿದಳು. ಹೂಜಿಯನ್ನು ಈಗಲೇ ತೋರಿಸುವುದು. ಐದನೆಯ ನೋಟ ಎಲ್ಲಿಂದ ಎನ್ನುವುದನ್ನು, ಮೇಜು ಉಳಿಯುತ್ತದೆಂದು ಅವರು ಬರೆದುಕೊಟ್ಟ ಮೇಲೆಯೇ ಹೇಳುವುದು. ಮೈದುನನ ಬಡ್ತಿ ಹೋದರೆ ಮನೆಯಲ್ಲಿ ತನ್ನೊಂದಿಗೆ ಯಾರೂ ಮಾತಾಡುವುದಿಲ್ಲ, ಅದೂ ಗೊತ್ತಿತ್ತು.

ಬಾಗಿಲು ತಟ್ಟಿದಳು.